ಮೆಮೊರಿ ಮುಗಿದಾಗ ಮ್ಯಾಲಾಕ್ ‘ಇಲ್ಲ’ ಅನ್ನಬೇಕು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಕಂಟ್ರೋಲ್ ಕಾರ್ಡ್ ಮಾಡುವ ಸಣ್ಣ ಘಟಕವೊಂದರಲ್ಲಿ ನನ್ನ ಕೆಲಸ. ಫೌಂಡ್ರಿಯ ಓವನ್‌ಗಳಿಗೆ ಹೀಟರ್ ಆನ್-ಆಫ್ ಮಾಡುವ ಕಾರ್ಡ್ ನಮ್ಮದು. ಚಿಪ್ ಎಸ್‌ಟಿಎಂ32ಎಫ್103, ರ್ಯಾಮ್ ಬರೀ 20 ಕಿಲೋಬೈಟ್. ಜಿಸಿಸಿ ಕಂಪೈಲರನ್ನೂ (ಬರೆದ ಕೋಡನ್ನು ಚಿಪ್ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂ) ಅದರ ಜೊತೆ ಬರುವ ನ್ಯೂಲಿಬ್ ಎಂಬ ಸಿ ಲೈಬ್ರರಿಯನ್ನೂ ಈ ಕಾರ್ಡ್‌ಗೆ ಹೊಂದಿಸುವ, ಅಂದರೆ ಪೋರ್ಟ್ ಮಾಡುವ, ಕೆಲಸ ನನ್ನ ಪಾಲಿಗೆ ಬಂತು. ಕೋಡ್ ಓಡಿತು, ಡಿಸ್ಪ್ಲೇ ಬಂತು. ಆದರೆ ಮೆಮೊರಿ ಮುಗಿದರೆ ಮ್ಯಾಲಾಕ್ (ಪ್ರೋಗ್ರಾಂಗೆ ಬೇಕಾದಾಗ ಮೆಮೊರಿ ತೆಗೆದುಕೊಡುವ ಸಿ ಫಂಕ್ಷನ್) ಏನು ಮಾಡುತ್ತದೆ ಅಂತ ನೋಡದೆ ‘ಪೋರ್ಟ್ ಆಯ್ತು’ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಪಿಸಿಯ ಲಿನಕ್ಸ್‌ನಲ್ಲಿ ಇದು ಅಷ್ಟಾಗಿ ಕಾಣಲ್ಲ. ಅಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತನ್ನ ಹತ್ತಿರ ಇರುವುದಕ್ಕಿಂತ ಜಾಸ್ತಿ ಮೆಮೊರಿ ಕೊಡುತ್ತೇನೆ ಅನ್ನುತ್ತದೆ, ಹಾಗಾಗಿ ಮ್ಯಾಲಾಕ್ ನಲ್ (‘ಸಿಗಲಿಲ್ಲ’ ಅನ್ನುವ ಉತ್ತರ) ಕೊಡುವುದು ಅಪರೂಪ. ನಮ್ಮ ಚಿಪ್‌ನಲ್ಲಿ ಕರ್ನಲ್ಲೇ ಇಲ್ಲ. ಮ್ಯಾಲಾಕ್ ಜಾಗ ಕೇಳುವುದು ಎಸ್‌ಬ್ರೇಕ್ ಎಂಬ ಫಂಕ್ಷನ್ ಹತ್ತಿರ. ಅದನ್ನು ಬರೆಯಬೇಕಾದವರು ಪೋರ್ಟ್ ಮಾಡುವವರೇ. ಎಲ್ಲೆಡೆ ಓಡಾಡುವ ಎಷ್ಟೋ ಮಾದರಿ ಕೋಡ್‌ಗಳಲ್ಲಿ ಅದು ಪಾಯಿಂಟರನ್ನು, ಅಂದರೆ ಮೆಮೊರಿ ವಿಳಾಸದ ಗುರುತನ್ನು, ಮುಂದೆ ತಳ್ಳಿ ಸುಮ್ನೆ ವಾಪಸ್ ಕೊಡುತ್ತದೆ, ಅಷ್ಟೇ. ಕೆಳಗಿಂದ ಹೀಪ್ (ಮ್ಯಾಲಾಕ್ ಹಂಚುವ ಜಾಗ) ಏರುತ್ತದೆ, ಮೇಲಿಂದ ಸ್ಟ್ಯಾಕ್ (ಫಂಕ್ಷನ್‌ಗಳು ಓಡುವಾಗ ಬಳಸುವ ಜಾಗ) ಇಳಿಯುತ್ತದೆ. ಒಂದು ಇನ್ನೊಂದರೊಳಗೆ ನುಗ್ಗಿದರೂ ಯಾರಿಗೂ ಗೊತ್ತಾಗಲ್ಲ. ಮ್ಯಾಲಾಕ್ ಯಾವತ್ತೂ ಇಲ್ಲ ಅನ್ನುವುದೇ ಇಲ್ಲ. ಮೇಲೆ ನಲ್ ಚೆಕ್ ಎಷ್ಟು ಹಾಕಿದರೇನು?

ನಾನು ಮೊದಲು ಕೈಹಾಕಿದ್ದು ಇದಕ್ಕೇ. ಮೆಮೊರಿಯಲ್ಲಿ ಯಾವುದು ಎಲ್ಲಿ ಅಂತ ಹೇಳುವ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಸ್ಟ್ಯಾಕ್‌ಗೆ 4 ಕಿಲೋಬೈಟ್ ಮೀಸಲಿಟ್ಟು, ಹೀಪ್‌ಗೆ ಒಂದು ಗಡಿ ಹಾಕಿದೆ. ಗಡಿ ದಾಟುವಂತೆ ಕೇಳಿದರೆ ಎಸ್‌ಬ್ರೇಕ್ ಎರ್ನೋ ಎಂಬ ದೋಷ ಸಂಖ್ಯೆಯಲ್ಲಿ ‘ಎನೊಮೆಮ್’ (ಮೆಮೊರಿ ಇಲ್ಲ) ಅಂತ ಬರೆದು -1 ಕೊಡುತ್ತದೆ. ನಲ್ ಅಲ್ಲ, -1. ಅದನ್ನು ನೋಡಿ ಮ್ಯಾಲಾಕ್ ನಲ್ ಕೊಡುತ್ತದೆ.

ಆದರೆ ಈ ಚಿಪ್‌ನಲ್ಲಿ ನಲ್ ಕೂಡ ಮೋಸ ಮಾಡುತ್ತದೆ. ನಲ್ ಅಂದರೆ ವಿಳಾಸ 0, ಅಲ್ಲಿ ಫ್ಲ್ಯಾಶ್ (ಪ್ರೋಗ್ರಾಂ ಇರುವ ಮೆಮೊರಿ) ಕಾಣಿಸುತ್ತದೆ. ಚೆಕ್ ಮಾಡದೆ ನಲ್ ಪಾಯಿಂಟರ್‌ನಿಂದ ಓದಿದರೆ ಪ್ರೋಗ್ರಾಂ ಬೀಳಲ್ಲ, ಸ್ಟ್ಯಾಕ್‌ನ ಆರಂಭದ ವಿಳಾಸವೇ ಡೇಟಾ ಅಂತ ಸಿಗುತ್ತದೆ. “ಸರ, ಟೆಂಪರೇಚರ್ ಏನೇನೋ ತೋರ್ಸಾಕತ್ತೈತ್ರಿ” ಅಂತ ಆಪರೇಟರ್ ಫೋನ್ ಮಾಡಿದರೆ ಎಲ್ಲರೂ ಮೊದಲು ಅನುಮಾನಪಡುವುದು ಸೆನ್ಸರ್ ಮೇಲೆ, ಅಲ್ವಾ?

ಲೈಬ್ರರಿಯೊಳಗೇ ಚೆಕ್ ಇಲ್ಲದ ಜಾಗಗಳಿದ್ದವು. ದಶಾಂಶ ಸಂಖ್ಯೆ ಪ್ರಿಂಟ್ ಮಾಡಲು ನ್ಯೂಲಿಬ್‌ನ ಪ್ರಿಂಟ್‌ಎಫ್ ಒಳಗೊಳಗೇ ಹೀಪ್‌ನಿಂದ ಮೆಮೊರಿ ಕೇಳುತ್ತದೆ. 3.3.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅದು ಸಿಕ್ಕಿತೋ ಇಲ್ಲವೋ ನೋಡದೆ ಬಳಸುತ್ತಿತ್ತು. 2019ರ ಸಿವಿಇ (ಸಾಫ್ಟ್‌ವೇರ್ ಭದ್ರತಾ ದೋಷಗಳ) ಪಟ್ಟಿಯಲ್ಲಿ ಈ ದೋಷಗಳು ದಾಖಲಾಗಿವೆ. ಹೊಸ ಆವೃತ್ತಿಯಲ್ಲಿ ಮೆಮೊರಿ ಸಿಗದಿದ್ದರೆ ಅಸರ್ಟ್ (ತಪ್ಪು ಕಂಡರೆ ಪ್ರೋಗ್ರಾಂ ನಿಲ್ಲಿಸುವ ಚೆಕ್) ಆಗಿ ನಿಲ್ಲುತ್ತದೆ. ನಾನು ಹೊಸದಕ್ಕೆ ಬದಲಿಸಿದೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಬೇಕೆಂದೇ ಸೋಲಿಸುವ ಪರೀಕ್ಷೆ. ಲಿಂಕರ್‌ನ ‘ರ್ಯಾಪ್’ ಆಯ್ಕೆಯಿಂದ ಮ್ಯಾಲಾಕ್ ಕರೆಗಳ ನಡುವೆ ನನ್ನ ಫಂಕ್ಷನ್ ಕೂರಿಸಿದೆ. ನ್ಯೂಲಿಬ್ ಒಳಗೆ ಬಳಸುವುದು ಮ್ಯಾಲಾಕ್‌ನ ರೀಎಂಟ್ರಂಟ್ ಎಂಬ ಬೇರೆ ರೂಪ, ಅದನ್ನೇ ಹಿಡಿಯಬೇಕು. ಮೊದಲ ಓಟದಲ್ಲಿ 1ನೇ ಕರೆಗೆ ನಲ್, ಮುಂದಿನ ಓಟದಲ್ಲಿ 2ನೆಯದಕ್ಕೆ, ಹೀಗೆ ಎಲ್ಲ ಕರೆಗಳೂ ಮುಗಿಯುವವರೆಗೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನ ತಂಡವೂ ಇದೇ ರೀತಿ ಪರೀಕ್ಷಿಸುತ್ತದೆ. ಪಡೆದ ಬ್ಲಾಕ್‌ನ ಗಾತ್ರ ಬದಲಿಸುವ ರೀಅಲಾಕ್ ಕೊಟ್ಟ ಉತ್ತರವನ್ನು ಹಳೇ ಪಾಯಿಂಟರ್‌ಗೇ ತುಂಬಿ, ಸೋತಾಗ ಹಳೇ ಬ್ಲಾಕ್ ಕಳೆದುಕೊಳ್ಳುವ ಸಾಲುಗಳು ಹೀಗೇ ಸಿಕ್ಕವು.

ಅತಿ ಅಪಾಯದ್ದು ಕಂಡಿದ್ದೂ ಇಲ್ಲೇ. ಅಸರ್ಟ್ ಪ್ರೋಗ್ರಾಂ ನಿಲ್ಲಿಸುವ ಅಬಾರ್ಟ್ ಫಂಕ್ಷನ್‌ಗೆ ಹೋಗುತ್ತದೆ, ಅಬಾರ್ಟ್ ಎಕ್ಸಿಟ್‌ಗೆ. ಮಾದರಿ ಕೋಡ್‌ನ ಎಕ್ಸಿಟ್ ಅಂದರೆ ಕೊನೆಯಿಲ್ಲದ ಲೂಪ್. ಹೀಟರ್ ಆನ್ ಇದ್ದಾಗ ಪ್ರೋಗ್ರಾಂ ಅಲ್ಲಿ ನಿಂತರೆ ಓವನ್ ಬಿಸಿಯಾಗುತ್ತಲೇ ಇರುತ್ತದೆ! ಈಗ ನಮ್ಮ ಎಕ್ಸಿಟ್ ಮೊದಲು ಔಟ್‌ಪುಟ್‌ಗಳನ್ನೆಲ್ಲ ಆಫ್ ಮಾಡುತ್ತದೆ, ಕಾರಣವನ್ನು ಬ್ಯಾಕಪ್ ರಿಜಿಸ್ಟರ್‌ನಲ್ಲಿ ಬರೆಯುತ್ತದೆ, ಆಮೇಲೆ ರೀಸೆಟ್. ರೀಸೆಟ್ ಆದರೂ ಆ ರಿಜಿಸ್ಟರ್ ಉಳಿಯುತ್ತದೆ, ಮತ್ತೆ ಶುರುವಾದಾಗ ಡಿಸ್ಪ್ಲೇಯಲ್ಲಿ ಕಾರಣ ಬರುತ್ತದೆ.

ಸಿ++ ಭಾಗದಲ್ಲಿ ಎಕ್ಸೆಪ್ಶನ್ (ದೋಷವನ್ನು ಕರೆದ ಕೋಡ್‌ನತ್ತ ಎಸೆಯುವ ವಿಧಾನ) ಬಿಟ್ಟೆವು. ಮೆಮೊರಿ ಸಿಗಲಿಲ್ಲ ಅನ್ನುವ ‘ಬ್ಯಾಡ್ ಅಲಾಕ್’ ಎಸೆಯಲಿಕ್ಕೂ ಮೆಮೊರಿ ಬೇಕು. ಅದಕ್ಕಾಗಿ ಲೈಬ್ರರಿ ಶುರುವಿನಲ್ಲೇ ಒಂದಿಷ್ಟು ತೆಗೆದಿಡುತ್ತದೆ, 20 ಕಿಲೋಬೈಟ್‌ನಲ್ಲಿ ಅದು ನಮಗೆ ದುಬಾರಿ. ಬದಲಿಗೆ ನ್ಯೂ ಹ್ಯಾಂಡ್ಲರ್ ಹಾಕಿದ್ದೇವೆ; ಸಿ++ನಲ್ಲಿ ಮೆಮೊರಿ ಕೇಳುವ ‘ನ್ಯೂ’ಗೆ ಮೆಮೊರಿ ಸಿಗದಿದ್ದಾಗ ಓಡುವ ಫಂಕ್ಷನ್ ಇದು. ಅದು ಲಾಗ್ ಬಫರ್ ಬಿಟ್ಟುಕೊಟ್ಟು ಹಿಂತಿರುಗುತ್ತದೆ, ‘ನ್ಯೂ’ ಮತ್ತೊಮ್ಮೆ ಪ್ರಯತ್ನಿಸುತ್ತದೆ. ಬಿಟ್ಟುಕೊಡಲು ಏನೂ ಉಳಿದಿಲ್ಲದಿದ್ದರೆ ಹ್ಯಾಂಡ್ಲರ್ ಹಿಂತಿರುಗಲೇಬಾರದು, ಇಲ್ಲದಿದ್ದರೆ ‘ನ್ಯೂ’ ಅಲ್ಲೇ ಸುತ್ತುತ್ತಿರುತ್ತದೆ. ಆಗ ಅದೂ ಎಕ್ಸಿಟ್‌ನ ದಾರಿಯನ್ನೇ ಹಿಡಿಯುತ್ತದೆ.