ಸಂಶೋಧನಾ ಲೇಖನಕ್ಕೆ ದತ್ತಾಂಶ ಲಭ್ಯತಾ ಹೇಳಿಕೆ ಬರೆಯುವ ಬಗೆ

ಕೊಪ್ಪಳ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತ ಲೇಖನವೊಂದರ ಕೊನೆಯಲ್ಲಿ, ಅಧ್ಯಯನದ ದತ್ತಾಂಶ ಎಲ್ಲಿ, ಹೇಗೆ ದೊರೆಯುತ್ತದೆ ಎಂದು ತಿಳಿಸುವ ದತ್ತಾಂಶ ಲಭ್ಯತಾ ಹೇಳಿಕೆಯಾಗಿ, ‘ಸೂಕ್ತ ಕೋರಿಕೆಯ ಮೇರೆಗೆ ದತ್ತಾಂಶವನ್ನು ಲೇಖಕರಿಂದ ಪಡೆಯಬಹುದು’ ಎಂಬ ವಾಕ್ಯವಿತ್ತು. ಅದೇ ಊರುಗಳ ನೀರನ್ನು ಮತ್ತೊಮ್ಮೆ ಪರೀಕ್ಷಿಸಲು ಹೊರಟಿದ್ದ ಸಂಶೋಧನಾರ್ಥಿಯೊಬ್ಬರ ಪರವಾಗಿ ನಾನು ಆ ಲೇಖಕರಿಗೆ ಇ-ಮೇಲ್ ಬರೆದೆ. ಅದು ತಲುಪದೆ ಹಿಂದಿರುಗಿತು, ಪಿಎಚ್.ಡಿ. ಮುಗಿದ ಮೇಲೆ ಅವರ ವಿಳಾಸವೇ ಮುಚ್ಚಿಹೋಗಿತ್ತು. ಮಾರ್ಗದರ್ಶಕರು ನಿವೃತ್ತರಾಗಿದ್ದರು. ಲೇಖನದಲ್ಲಿ ತಾಲ್ಲೂಕುವಾರು ಸರಾಸರಿಗಳು ಉಳಿದಿದ್ದವೇ ಹೊರತು, ಯಾವ ಊರಿನ ಯಾವ ಬಾವಿಯಲ್ಲಿ ಎಷ್ಟು ಫ್ಲೋರೈಡ್ ಇತ್ತು ಎಂಬುದು ಎಲ್ಲಿಯೂ ಉಳಿದಿರಲಿಲ್ಲ.

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳದ ಸಂಶೋಧನಾರ್ಥಿಗಳ ಹಸ್ತಪ್ರತಿಗಳನ್ನು ಓದುವಾಗ ಆ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಅದು ಬಹುಮಟ್ಟಿಗೆ ಈಡೇರದ ಮಾತು ಎಂಬುದಕ್ಕೆ ಲೆಕ್ಕವೂ ಇದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೇಳಿದರೆ ದತ್ತಾಂಶ ಕೊಡುತ್ತೇವೆ ಎಂದು ಬರೆದುಕೊಂಡಿದ್ದ 1,792 ಲೇಖನಗಳ ಲೇಖಕರನ್ನು ನಿಜವಾಗಿಯೂ ಕೇಳಿ ನೋಡಲಾಯಿತು. ದತ್ತಾಂಶ ದೊರೆತದ್ದು 122 ಲೇಖನಗಳದ್ದು ಮಾತ್ರ. ಆದ್ದರಿಂದ ಈ ಹೇಳಿಕೆಯನ್ನು ನಿಯತಕಾಲಿಕದ ನಮೂನೆಯ ಒಂದು ಖಾಲಿ ಜಾಗವೆಂದು ಭಾವಿಸದೆ, ಹತ್ತು ವರ್ಷಗಳ ನಂತರ ನಿಮ್ಮನ್ನು ಕಾಣದ, ನಿಮ್ಮನ್ನು ಹುಡುಕಲಾಗದ ಓದುಗರೊಬ್ಬರಿಗೆ ಕೊಡುವ ವಿಳಾಸವೆಂದು ಭಾವಿಸಿ ಬರೆಯಬೇಕು.

ಒಳ್ಳೆಯ ಹೇಳಿಕೆಯೊಂದು ಯಾವ ದತ್ತಾಂಶ, ಎಲ್ಲಿದೆ, ಯಾವ ಷರತ್ತಿನ ಮೇಲೆ ದೊರೆಯುತ್ತದೆ ಎಂಬುದನ್ನು ತಿಳಿಸುತ್ತದೆ. ಯಾವುದಾದರೂ ಭಾಗ ದೊರೆಯದಿದ್ದರೆ ಅದರ ಕಾರಣವನ್ನೂ ಹೇಳುತ್ತದೆ. ಮೂರು ನಾಲ್ಕು ವಾಕ್ಯಗಳು ಸಾಕು. ಉದಾಹರಣೆಗೆ: ‘ಸಿಂಧನೂರು ತಾಲ್ಲೂಕಿನ ಹೊಲಗಳಿಂದ ಸಂಗ್ರಹಿಸಿದ ಮಣ್ಣಿನ ಮಾದರಿಗಳ ಲವಣಾಂಶ ಮತ್ತು ರಸಸಾರದ (ಪಿಎಚ್) ಅಳತೆಗಳು, ಅವುಗಳ ವಿವರಣಾ ಕಡತದೊಂದಿಗೆ, ಝೆನೋಡೋ ಭಂಡಾರದಲ್ಲಿ ಈ ಡಿಒಐ ಅಡಿಯಲ್ಲಿ, ಸಿಸಿ ಬೈ 4.0 ಪರವಾನಗಿಯೊಂದಿಗೆ ಲಭ್ಯವಿವೆ. ರೈತರ ಹೆಸರು ಮತ್ತು ಸರ್ವೆ ನಂಬರುಗಳನ್ನು ಗೋಪ್ಯತೆಯ ಕಾರಣದಿಂದ ತೆಗೆಯಲಾಗಿದೆ.’ ಇಲ್ಲಿ ಡಿಒಐ ಎಂದರೆ ಭಂಡಾರವು ಕಡತಕ್ಕೆ ಕೊಡುವ ಗುರುತು ಸಂಖ್ಯೆ, ಸಿಸಿ ಬೈ ಎಂದರೆ ಮೂಲವನ್ನು ಹೆಸರಿಸಿ ಯಾರಾದರೂ ಬಳಸಬಹುದಾದ ಮುಕ್ತ ಪರವಾನಗಿ. ಇಷ್ಟರಲ್ಲಿ ಓದುಗರಿಗೆ ಬೇಕಾದುದೆಲ್ಲ ಇದೆ. ‘ದತ್ತಾಂಶವು ಲೇಖನದಲ್ಲಿಯೇ ಇದೆ’ ಎಂದು ಬರೆಯುವವರು, ಕೋಷ್ಟಕದಲ್ಲಿರುವುದು ಸರಾಸರಿಯೋ ಮೂಲ ಅಳತೆಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸರಾಸರಿ ಮಾತ್ರ ಇದ್ದರೆ ಆ ಮಾತು ತಪ್ಪಾಗುತ್ತದೆ.

ದತ್ತಾಂಶವನ್ನು ಇರಿಸುವ ಸ್ಥಳವನ್ನು ಹೇಳಿಕೆ ಬರೆಯುವ ಮೊದಲೇ ನಿರ್ಧರಿಸಬೇಕು. ಗೂಗಲ್ ಡ್ರೈವ್ ಕೊಂಡಿ ಖಾತೆ ಮುಚ್ಚಿದ ದಿನ ಸತ್ತುಹೋಗುತ್ತದೆ. ಶೋಧಗಂಗಾದಲ್ಲಿ ಪ್ರಬಂಧ ಇದೆ ಎಂಬ ಉತ್ತರವನ್ನೂ ನಾನು ಅನೇಕ ಬಾರಿ ಕೇಳಿದ್ದೇನೆ. ಆದರೆ ಅದು ಪ್ರಬಂಧಗಳ ಭಂಡಾರ, ಅಲ್ಲಿರುವ ಪಿಡಿಎಫ್ ಕೋಷ್ಟಕದಿಂದ ಅಂಕಿಗಳನ್ನು ಮತ್ತೆ ಎತ್ತಿಕೊಳ್ಳುವುದು ಕಷ್ಟ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್ 2013ರಿಂದ ನಡೆಸುತ್ತಿರುವ ಝೆನೋಡೋ ಭಂಡಾರವನ್ನು ಯಾವ ವಿಷಯದವರಾದರೂ ಶುಲ್ಕವಿಲ್ಲದೆ ಬಳಸಬಹುದು, ಒಂದು ದಾಖಲೆಗೆ 50 ಜಿಬಿ ವರೆಗೆ ಕಡತಗಳನ್ನು ಸೇರಿಸಬಹುದು. ಜೀನ್ ಅನುಕ್ರಮಗಳಾದರೆ ಜೆನ್‌ಬ್ಯಾಂಕಿನಂತಹ ವಿಷಯ ಭಂಡಾರಕ್ಕೇ ಕಳುಹಿಸಿ, ಅದು ಕೊಡುವ ಪ್ರವೇಶ ಸಂಖ್ಯೆಯನ್ನು ಹೇಳಿಕೆಯಲ್ಲಿ ನಮೂದಿಸುವುದು ರೂಢಿ. ಭಂಡಾರ ಕೊಡುವ ಡಿಒಐ ಎಂಬ ಶಾಶ್ವತ ಗುರುತನ್ನೇ ಬರೆಯಬೇಕು. ಝೆನೋಡೋದಲ್ಲಿ ಇಡೀ ಸಂಗ್ರಹಕ್ಕೆ ಒಂದು, ಪ್ರತಿ ಆವೃತ್ತಿಗೆ ಪ್ರತ್ಯೇಕವಾಗಿ ಒಂದು ಡಿಒಐ ದೊರೆಯುವುದರಿಂದ, ಲೇಖನದ ಲೆಕ್ಕ ಯಾವ ಆವೃತ್ತಿಯಿಂದ ಬಂದಿದೆಯೋ ಆ ಆವೃತ್ತಿಯದನ್ನು ಆರಿಸಿಕೊಳ್ಳಿ.

ಹೇಳಿಕೆ ಚೆನ್ನಾಗಿದ್ದರೂ ಕಡತ ಹಾಳಾಗಿದ್ದರೆ ಪ್ರಯೋಜನವಿಲ್ಲ, ಮತ್ತು ನಮ್ಮ ಭಾಗದ ಕಡತಗಳು ಹಾಳಾಗುವ ಬಗೆಗಳು ನಮ್ಮವೇ. ಪಹಣಿಯಿಂದ ತೆಗೆದುಕೊಂಡ ವಿಸ್ತೀರ್ಣವನ್ನು ‘2.10’ ಎಂದು ದಾಖಲಿಸಿದರೆ, ಬರೆದವರ ಮನಸ್ಸಿನಲ್ಲಿ ಅದು 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು 2.25 ಎಕರೆ. ಕಡತವನ್ನು ಇಳಿಸಿಕೊಂಡ ಹೊರನಾಡಿನ ಓದುಗರು ಅದನ್ನು ದಶಮಾಂಶವೆಂದು ಓದುತ್ತಾರೆ, ಇಳುವರಿಯ ಲೆಕ್ಕವೆಲ್ಲ ತಪ್ಪುತ್ತದೆ. ಎಕರೆ ಮತ್ತು ಗುಂಟೆಗೆ ಬೇರೆ ಬೇರೆ ಕಂಬಗಳನ್ನು (ಕಾಲಂಗಳನ್ನು) ಮಾಡಿ, ಪಕ್ಕದಲ್ಲಿ ಹೆಕ್ಟೇರಿನ ಲೆಕ್ಕವನ್ನೂ ಕೊಡುವುದು ಸರಿಯಾದ ಕ್ರಮ. ಪ್ಲಾಟುಗಳಿಗೆ 3/2 ಎಂಬಂತಹ ಉಪಸಂಖ್ಯೆಗಳನ್ನು ಕೊಟ್ಟಿದ್ದರೆ ಎಕ್ಸೆಲ್ ಅವನ್ನು ತಾನಾಗಿಯೇ ದಿನಾಂಕವಾಗಿ ಬದಲಿಸುತ್ತದೆ. ಆ ಕಂಬವನ್ನು ಮೊದಲೇ ಪಠ್ಯವೆಂದು ಗುರುತಿಸದಿದ್ದರೆ ಮೂಲ ಸಂಖ್ಯೆಯನ್ನು ಮರಳಿ ಪಡೆಯುವುದು ದುಸ್ತರ. ಸಂದರ್ಶನಗಳ ಉತ್ತರಗಳನ್ನು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಿಸಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಭಂಡಾರಕ್ಕೆ ಕಳುಹಿಸುವ ಮುನ್ನ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಮತ್ತು ಅರ್ಕಾವತ್ತು ಕೆಟ್ಟಿಲ್ಲವೆಂದು ಕಣ್ಣಾರೆ ಓದಿ ನೋಡಬೇಕು.

ಜಿಲ್ಲೆಯ ಹೆಸರೂ ಅಷ್ಟೇ ಎಚ್ಚರ ಬೇಡುತ್ತದೆ. 1997ಕ್ಕೆ ಮುಂಚಿನ ರಾಯಚೂರು ಜಿಲ್ಲೆಯಲ್ಲಿ ಕೊಪ್ಪಳವೂ ಸೇರಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮೊದಲಾದ ತಾಲ್ಲೂಕುಗಳು ಬಳ್ಳಾರಿಯಿಂದ ಹೊರಗೆ ಹೋದವು. ಆದ್ದರಿಂದ 2011ರ ಜನಗಣತಿಯ ಬಳ್ಳಾರಿಗೂ ಇಂದಿನ ಬಳ್ಳಾರಿಗೂ ನೇರ ಹೋಲಿಕೆ ಸಲ್ಲದು. ಯಾವ ಗಡಿಯನ್ನು ಅನುಸರಿಸಿದ್ದೀರಿ ಎಂಬ ಒಂದು ಸಾಲನ್ನು ವಿವರಣಾ ಕಡತದಲ್ಲಿ ಬರೆದಿಟ್ಟರೆ ಮುಂದಿನವರ ತಿಂಗಳುಗಳ ಶ್ರಮ ಉಳಿಯುತ್ತದೆ.

ನೀವೇ ಸಂಗ್ರಹಿಸದ ದತ್ತಾಂಶದ ವಿಷಯ ಬೇರೆ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿಯ ಮಳೆಯ ಜಾಲಕ (ಗ್ರಿಡ್) ದತ್ತಾಂಶವನ್ನು ಬಳಸಿದ್ದರೆ, ಯಾವ ವರ್ಷದಿಂದ ಯಾವ ವರ್ಷದವರೆಗಿನದು ಮತ್ತು ಎಂದು ಇಳಿಸಿಕೊಂಡಿರಿ ಎಂದು ಹೇಳಿ ಮೂಲವನ್ನು ತೋರಿಸಿದರೆ ಸಾಕು. ತುಂಗಭದ್ರಾ ಜಲಾಶಯದ ಒಳಹರಿವಿನ ದಾಖಲೆಗಳನ್ನು ಅಧಿಕಾರಿಗಳಿಗೆ ಪತ್ರ ಬರೆದು ಪಡೆದಿದ್ದರೆ, ಅವು ಮರುಹಂಚಲು ನಿಮ್ಮ ಸ್ವತ್ತಲ್ಲ. ಆಗ ‘ಈ ದಾಖಲೆಗಳನ್ನು ಲೇಖಕರು ಅನುಮತಿಯ ಮೇರೆಗೆ ಪಡೆದಿದ್ದು, ಇತರರು ಅದೇ ಕಚೇರಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು, ಲೇಖಕರು ತಯಾರಿಸಿದ ಮಾಸಿಕ ಮೊತ್ತಗಳು ಮಾತ್ರ ಭಂಡಾರದಲ್ಲಿವೆ’ ಎಂಬ ಬಗೆಯಲ್ಲಿ ಬರೆಯಬಹುದು. ಮಾಸಿಕ ಮೊತ್ತಗಳನ್ನು ಪ್ರಕಟಿಸಲು ಒಪ್ಪಿಗೆ ಇದೆಯೇ ಎಂಬುದನ್ನು ಮೊದಲ ಪತ್ರದಲ್ಲಿಯೇ ಕೇಳಿಬಿಡಿ.

ಮನುಷ್ಯರ ಬದುಕನ್ನು ಕುರಿತ ದತ್ತಾಂಶದಲ್ಲಿ ನನಗೆ ಅತ್ಯಂತ ಆತಂಕವಾಗುವುದು ಹೆಸರು ತೆಗೆದರೆ ಸಾಕೆಂಬ ನಂಬಿಕೆ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಗಳಲ್ಲಿ ಮಾಜಿ ದೇವದಾಸಿ ಮಹಿಳೆಯರನ್ನು ಸಂದರ್ಶಿಸಿದ ಅಧ್ಯಯನಗಳು ನಡೆಯುತ್ತಿರುತ್ತವೆ. ಊರು, ವಯಸ್ಸು, ಜಾತಿ, ಮಕ್ಕಳ ಸಂಖ್ಯೆ ಇಷ್ಟನ್ನು ಒಂದೇ ಸಾಲಿನಲ್ಲಿ ಇಟ್ಟರೆ, ಆ ಊರಿನ ಯಾರಾದರೂ ಆಕೆಯನ್ನು ಗುರುತಿಸಬಲ್ಲರು. ಊರಿನ ಬದಲು ತಾಲ್ಲೂಕು, ವಯಸ್ಸಿನ ಬದಲು ವಯೋಮಾನದ ಗುಂಪು ಕೊಡಿ. ಅದರಿಂದಲೂ ರಕ್ಷಣೆ ಸಾಲದೆಂದಾದರೆ ಸಂದರ್ಶನಗಳನ್ನು ಮುಚ್ಚಿಯೇ ಇಡಿ, ಪ್ರಶ್ನಾವಳಿ ಮತ್ತು ಉತ್ತರಗಳನ್ನು ವರ್ಗೀಕರಿಸಲು ಬಳಸಿದ ಸಂಕೇತಪಟ್ಟಿಯನ್ನು ಮಾತ್ರ ತೆರೆದಿಡಿ. ‘ಭಾಗವಹಿಸಿದವರ ಗುರುತು ಬಯಲಾಗುವ ಸಾಧ್ಯತೆ ಇರುವುದರಿಂದ ಸಂದರ್ಶನಗಳ ಪಠ್ಯವನ್ನು ಹಂಚಿಕೊಳ್ಳಲಾಗಿಲ್ಲ’ ಎಂದು ನೇರವಾಗಿ ಬರೆಯುವುದರಲ್ಲಿ ಯಾವ ಕೊರತೆಯೂ ಇಲ್ಲ. ನಿಯಂತ್ರಿತವಾಗಿ ಕೊಡುವುದಾದರೆ ಲೇಖಕರೊಬ್ಬರ ವಿಳಾಸದ ಬದಲು ಸಂಸ್ಥೆಯ ನೈತಿಕ ಸಮಿತಿಯ ಸಂಪರ್ಕವನ್ನು ನೀಡಬೇಕು. ದತ್ತಾಂಶವನ್ನು ಒದಗಿಸುವ ಹೊಣೆ ಲೇಖಕರೊಬ್ಬರ ಮೇಲೆಯೇ ನಿಂತಿರಬಾರದೆಂದು ಮುಕ್ತ ಪ್ರವೇಶದ ಪ್ಲಾಸ್ (PLOS) ನಿಯತಕಾಲಿಕಗಳ ನೀತಿಯೂ ಹೇಳುತ್ತದೆ. ಹಂಚಿಕೆಯ ಮಾತು ಒಪ್ಪಿಗೆ ಪತ್ರದಲ್ಲಿ ಇಲ್ಲದಿದ್ದರೆ ನಂತರ ಹಂಚುವ ಹಕ್ಕು ನಮಗಿಲ್ಲ. ಹೀಗಾಗಿ ಹೇಳಿಕೆಯ ಮೊದಲ ಕರಡು ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನವೇ ಸಿದ್ಧವಾಗಿರಬೇಕು.

ಪ್ರಾಣಿಪಕ್ಷಿಗಳಿಗೂ ಗೋಪ್ಯತೆ ಬೇಕಾಗುತ್ತದೆ. ಸಿರುಗುಪ್ಪದ ಬಯಲಿನಲ್ಲಿ ಕಂಡ ಎರಲಡ್ಡ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನಿಖರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುವುದು ಅಳಿವಿನಂಚಿನಲ್ಲಿರುವ ಆ ಹಕ್ಕಿಗೆ ಅಪಾಯ ತರುತ್ತದೆ. ಸ್ಥಳವನ್ನು ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಮಸುಕಾಗಿಸಿ, ಹಾಗೆ ಮಾಡಿರುವುದನ್ನು ಹೇಳಿಕೆಯಲ್ಲಿ ತಿಳಿಸಬೇಕು.

ಮಾನವಿಕ ವಿಷಯಗಳವರು ತಮ್ಮಲ್ಲಿ ದತ್ತಾಂಶವೇ ಇಲ್ಲವೆನ್ನುತ್ತಾರೆ. ಶಾಸನದ ಪಡಿಯಚ್ಚಿನ ಚಿತ್ರ, ಪಾಠಾಂತರಗಳ ಪಟ್ಟಿ, ಮೋರನಾಳದ ತೊಗಲುಗೊಂಬೆ ಆಟದ ಧ್ವನಿಮುದ್ರಣ ಎಲ್ಲವೂ ದತ್ತಾಂಶವೇ. ಧ್ವನಿಮುದ್ರಣದಲ್ಲಿ ಕಲಾವಿದರ ಹಕ್ಕಿರುವುದರಿಂದ ಅವರ ಒಪ್ಪಿಗೆಯಿಲ್ಲದೆ ಅದಕ್ಕೆ ಮುಕ್ತ ಪರವಾನಗಿ ಕೊಡಬಾರದು. ನಿಜವಾಗಿಯೂ ಏನೂ ಸಂಗ್ರಹಿಸದ ಸೈದ್ಧಾಂತಿಕ ಲೇಖನಕ್ಕೆ ‘ಈ ಲೇಖನಕ್ಕಾಗಿ ಹೊಸ ದತ್ತಾಂಶವನ್ನು ಸಂಗ್ರಹಿಸಿಲ್ಲ’ ಎಂಬ ಒಂದು ವಾಕ್ಯ ಸಾಕು.

ಹಸ್ತಪ್ರತಿ ಸಲ್ಲಿಸುವಾಗ ಭಂಡಾರದ ದಾಖಲೆಯನ್ನು ಪ್ರಕಟಿಸದೆಯೇ ಡಿಒಐ ಕಾಯ್ದಿರಿಸಲು ಝೆನೋಡೋದಲ್ಲಿ ಅವಕಾಶವಿದೆ. ಆದರೆ ಪ್ರಕಟಿಸುವವರೆಗೆ ಆ ಸಂಖ್ಯೆ ತೆರೆದುಕೊಳ್ಳುವುದಿಲ್ಲ. ಲೇಖನ ಸ್ವೀಕೃತವಾದ ದಿನ ದಾಖಲೆಯನ್ನು ಪ್ರಕಟಿಸಲು ಮರೆತರೆ ಅಚ್ಚಾದ ಹೇಳಿಕೆ ಸುಳ್ಳಾಗುತ್ತದೆ. ಅಚ್ಚಿನ ಕರಡು (ಪ್ರೂಫ್) ತಿದ್ದುವ ಹಂತದಲ್ಲಿ, ಈ ಅಧ್ಯಯನಕ್ಕೆ ಸಂಬಂಧಿಸದ ಸಹೋದ್ಯೋಗಿಯೊಬ್ಬರ ಮೊಬೈಲಿನಲ್ಲಿ, ಯಾವ ಖಾತೆಗೂ ಪ್ರವೇಶಿಸದೆ ಆ ಡಿಒಐ ತೆರೆಸಿ ನೋಡಿ. ಕಡತ ಇಳಿದು, ಕಂಬಗಳ ಹೆಸರು ನಿಮ್ಮ ವಿವರಣೆಯಿಲ್ಲದೆಯೇ ಅವರಿಗೆ ಅರ್ಥವಾದರೆ ಕರಡನ್ನು ನಿಯತಕಾಲಿಕಕ್ಕೆ ಹಿಂದಿರುಗಿಸಬಹುದು.