ಚರ್ಚಲ್ಲಿ ಬ್ಲ್ಯಾಕ್ ಲೈಟ್ ಐಟಂ: ಮಕ್ಕಳಿಗೆ ಪ್ರಾಕ್ಟೀಸ್ ಮಾಡ್ಸೋದು ಹೇಗೆ

ಕ್ರಿಸ್ಮಸ್ ಪ್ರೋಗ್ರಾಂಗೆ ಸಂಡೇ ಸ್ಕೂಲ್ ಮಕ್ಕಳ ಕೈಲಿ ಬ್ಲ್ಯಾಕ್ ಲೈಟ್ (ಕತ್ಲೆ ಸ್ಟೇಜಲ್ಲಿ ಯುವಿ, ಅಂದ್ರೆ ಅಲ್ಟ್ರಾವಯಲೆಟ್ ಲೈಟ್ ಹಾಕಿ, ಕಪ್ಪು ಬಟ್ಟೆ ಹಾಕಿದ ಮಕ್ಕಳ ಬಿಳಿ ಗ್ಲೌಸ್ ಮಾತ್ರ ಹೊಳೆಯೋ ಥರ ಕಥೆ ತೋರ್ಸೋ ಐಟಂ) ಮಾಡಿಸ್ಬೇಕು ಅಂತಿದ್ರೆ ಲೈಟ್ ತರೋಕೆ ಇವತ್ತೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಓಡ್ಬೇಡಿ. ಮೊದಲೆರಡು ವಾರ ಲೈಟೇ ಬೇಡ, ಬಿಳಿ ಗ್ಲೌಸ್, ಒಂದು ಫೋನು, ಸ್ವಲ್ಪ ತಾಳ್ಮೆ ಇದ್ರೆ ಸಾಕು.

ಕತ್ಲಲ್ಲಿ ಮುಖ ಕಾಣಲ್ಲ, ಹಾಗಾಗಿ ಯೇಸು ಹುಟ್ಟಿದ ಕಥೇಲಿ ಕುರುಬರು ಹೆದ್ರೋದೂ ಜೋಯಿಸರು ನಕ್ಷತ್ರ ನೋಡಿ ಖುಷಿಯಾಗೋದೂ ಎಲ್ಲಾ ಕೈಲೇ ಆಗ್ಬೇಕು, ಇದನ್ನ ಬಾಯಲ್ಲಿ ಹೇಳಿದ್ರೆ ಮಕ್ಕಳ ತಲೆಗೆ ಹೋಗಲ್ಲ. ಅದಕ್ಕೆ ಅರ್ಧ ಮಕ್ಕಳು ಮಾಡ್ಲಿ, ಇನ್ನರ್ಧ ಬೆಂಚಲ್ಲಿ ಕೂತು ನೋಡ್ಲಿ, ಆಮೇಲೆ ಅದಲು ಬದಲು. "ಆಂಟಿ, ಅವ್ನ ಬೆರಳು ಮುಚ್ಕೊಂಡಿದೆ, ನಕ್ಷತ್ರ ಆಲೂಗಡ್ಡೆ ಥರ ಇದೆ" ಅಂತ ಅವ್ರೇ ಹೇಳ್ತಾರೆ, ನಾವು ಗಂಟಲು ಹರ್ಕೊಳ್ಳೋದು ತಪ್ಪುತ್ತೆ. ಫೋನಲ್ಲಿ ವಿಡಿಯೋ ತೆಗ್ದು ಸೌಂಡ್ ಇಲ್ದೆ ತೋರಿಸಿ, ಕಥೆ ಅರ್ಥ ಆಗ್ಲಿಲ್ಲ ಅಂದ್ರೆ ಆ ಸ್ಟೆಪ್ ಬದಲಾಯಿಸಿ.

ಕೈ ತೋರ್ಸೋದಕ್ಕಿಂತ ಬಚ್ಚಿಡೋದೇ ಕಷ್ಟ. ನಾನು ಇದನ್ನ ಆಟ ಮಾಡ್ಬಿಟ್ಟಿದೀನಿ, "ಆಫ್" ಅಂದ ತಕ್ಷಣ ಎರಡೂ ಕೈ ಬೆನ್ನ ಹಿಂದೆ, "ಆನ್" ಅಂದ್ರೆ ಮುಂದೆ, ಲೇಟ್ ಮಾಡಿದೋರು ಔಟ್. ಆಮೇಲೆ ಬಾಯಿ ಬಿಟ್ಟು ಹೇಳೋದು ನಿಲ್ಸಿ ಹಾಡಿನ ತಾಳಕ್ಕೇ ಆಫ್ ಆಗೋಕೆ ಕಲ್ಸಿ. ಮತ್ತೆ ನಿಧಾನ, ನಿಧಾನ! ಎಕ್ಸೈಟ್ ಆದ್ರೆ ಎಲ್ಲಾ ಡಬಲ್ ಸ್ಪೀಡಲ್ಲಿ ಓಡುತ್ತೆ.

ಪುಟಾಣಿಗಳು ಕತ್ಲಿಗೆ ಅಳ್ತಾವೆ, ಒಂದೇ ಸಲ ಎಲ್ಲಾ ಲೈಟ್ ಆರಿಸ್ಬೇಡಿ, ವಾರಕ್ಕೊಂದೊಂದು ಟ್ಯೂಬ್‌ಲೈಟ್ ಕಮ್ಮಿ ಮಾಡ್ತಾ ಹೋಗಿ, ಪಕ್ಕದಲ್ಲಿ ದೊಡ್ಡ ಮಕ್ಕಳನ್ನ ನಿಲ್ಲಿಸಿ.

ಈಗ ಲೈಟು. ಬರೀ ನೇರಳೆ ಬಣ್ಣದ ಬಲ್ಬ್ ನಡೆಯಲ್ಲ, ಯುವಿ ಬೇಕು, ತರಂಗಾಂತರ 365ರಿಂದ 400 ನ್ಯಾನೋಮೀಟರ್ ಒಳಗಿರೋದು. ಅಂಗಡೀಲೇ 500ರ ನೋಟು ಹಿಡಿದು ನೋಡಿ, ನಂಬರ್ ಹೊಳೀಬೇಕು. ಸ್ಟೇಜ್ ಮುಂದೆ ನೆಲದ ಮೇಲೆ ಮಕ್ಕಳ ಕಡೆ ತಿರುಗಿಸಿ ಇಡಿ, ಜನರ ಕಡೆಗೆ ರಟ್ಟು ಅಡ್ಡ ಇರ್ಲಿ, ಲೈಟನ್ನೇ ದಿಟ್ಟಿಸಿ ನೋಡ್ಬೇಡಿ ಅಂತ ಮಕ್ಕಳಿಗೆ ಹೇಳಿ. ಬೈಕ್‌ಗೆ ಅಂಟಿಸೋ ರಿಫ್ಲೆಕ್ಟರ್ ರೇಡಿಯಂ ಸ್ಟಿಕರ್ ತಂದು ದುಡ್ಡು ಹಾಳು ಮಾಡ್ಬೇಡಿ, ಅದು ಹೆಡ್‌ಲೈಟ್ ಬಿದ್ರೆ ತಾನೆ ಮಿಂಚೋದು. ಫ್ಲೋರೊಸೆಂಟ್ ಚಾರ್ಟ್ ಪೇಪರ್ ತಗೊಳ್ಳಿ.

ಬಟ್ಟೆ ಪೂರ್ತಿ ಕಪ್ಪು, ತಲೆಗೆ ಕಪ್ಪು ಮಂಕಿ ಕ್ಯಾಪ್ (ನಮ್ಮೂರ ಡಿಸೆಂಬರ್ ಚಳಿಗೂ ಆಯ್ತು). ಆದ್ರೆ ಲೈಟ್ ಹಾಕಿ ಒಂದ್ಸಲ ಚೆಕ್ ಮಾಡ್ಲೇಬೇಕು, ಡಿಟರ್ಜೆಂಟಲ್ಲಿ ಬಿಳುಪಿಗೆ ಹಾಕೋ ಕೆಮಿಕಲ್ಲೇ ಯುವಿಗೆ ನೀಲಿಯಾಗಿ ಹೊಳೆಯೋದು, ಹಾಗಾಗಿ ಬಿಳಿ ನೂಲಿನ ಹೊಲಿಗೆ, ಶೂ ಲೇಸು, ಅಂಟಿರೋ ದಾರದ ಚೂರು ಎಲ್ಲಾ ಎದ್ದು ಕಾಣುತ್ತೆ. ನಮ್ಮ ಮೊದಲ ವರ್ಷ ಗಾಳೀಲಿ ಎರಡು ಸಾಕ್ಸ್ ಓಡಾಡ್ತಿತ್ತು, ಇಡೀ ಸಭೆ ನಕ್ಕಿದ್ದೇ ನಕ್ಕಿದ್ದು. ಹೊಲಿಗೆಗೆ ಕಪ್ಪು ಪರ್ಮನೆಂಟ್ ಮಾರ್ಕರ್ ಬಳಿದ್ರೆ ಸಾಕು.

ಫೈನಲ್ ರಿಹರ್ಸಲ್ ಸಂಜೆ ಆರೂವರೆ ಮೇಲೇ ಇಟ್ಕೊಳ್ಳಿ, ಇಲ್ದಿದ್ರೆ ಕಿಟಕಿಯಿಂದ ಬೆಳಕು ಬಂದು ಏನೂ ಗೊತ್ತಾಗಲ್ಲ. ಲೈಟ್‌ಗಳನ್ನ ಯುಪಿಎಸ್ ಲೈನಿಗೇ ಹಾಕ್ಸಿ, ಫೋನ್ ಫ್ಲ್ಯಾಶ್ ಬೇಡ ಅಂತ ಅಪ್ಪ ಅಮ್ಮಂದಿರಿಗೆ ಮೊದ್ಲೇ ಅನೌನ್ಸ್ ಮಾಡಿಸಿ. ಇನ್ನೊಂದು, ಬೇಕರಿ ಪಫ್ಸನ್ನ ಐಟಂ ಮುಗಿದ್ಮೇಲೇ ಕೊಡಿ, ಎಣ್ಣೆ ಕೈಲಿ ಗ್ಲೌಸ್ ಹಾಕ್ಕೊಂಡ್ರೆ ಆ ಕಲೆ ಹೋಗಲ್ಲ.