ಜಪಾನಿನ ಹೋಸ್ಟ್ ಮನೆಯಲ್ಲಿ ಸಾವಾದಾಗ

ಜಪಾನಿಗೆ ಓದಲು ಹೋಗಿ ನೀವು ಉಳಿದುಕೊಂಡಿರುವ ಹೋಸ್ಟ್ ಮನೆಯ ಅಜ್ಜನೋ ಅಜ್ಜಿಯೋ ತೀರಿಕೊಂಡರೆ ಮೊದಲು ಕೇಳಬೇಕಾದ ಮಾತು ಒಂದೇ: ನಾನು ಕೂರಬೇಕಾದ್ದು ಮನೆಯವರ ಸಾಲಿನಲ್ಲೋ, ಬಂದವರ ಸಾಲಿನಲ್ಲೋ? ಉಡುಪು, ದುಡ್ಡು, ಎಷ್ಟು ಹೊತ್ತು ಇರಬೇಕು, ಎಲ್ಲವೂ ಇದರ ಮೇಲೆ ನಿಂತಿದೆ. ದುಃಖದ ಹೊತ್ತಲ್ಲಿ ಹೇಗೆ ಕೇಳಲಿ ಎಂದು ಹಿಂಜರಿಯಬೇಡಿ. ಮೊದಲೇ ಕೇಳಿದರೆ ಅವರಿಗೂ ಒಂದು ಚಿಂತೆ ಕಡಿಮೆ.

ನಮ್ಮಲ್ಲಿಯ ಹಾಗೆ ಅಲ್ಲಿ ಎಲ್ಲವೂ ಅದೇ ದಿನ ಮುಗಿಯುವುದಿಲ್ಲ. ಒಂದು ಸಂಜೆ 'ತ್ಸುಯಾ' ಎಂಬ ಜಾಗರಣೆ, ಮರುದಿನ ಅಂತಿಮ ವಿದಾಯ, ಆಮೇಲೆ ದಹನ. ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ದೊಡ್ಡ ಊರುಗಳಲ್ಲಿ ಚಿತಾಗಾರದ ಸರದಿ ಸಿಗಲು ಇನ್ನೂ ತಡ. ಅವರ ಪಂಚಾಂಗದಲ್ಲಿ ಬರುವ 'ತೊಮೊಬಿಕಿ' ಎಂಬ ದಿನ ಹಲವು ಚಿತಾಗಾರಗಳಿಗೆ ರಜೆ, ಯಾಕೆಂದರೆ ಆ ಹೆಸರನ್ನು ಬರೆಯುವ ಅಕ್ಷರಗಳಲ್ಲೇ 'ಗೆಳೆಯನನ್ನು ಎಳೆ' ಎಂಬ ಅರ್ಥವಿದೆ. ಧನಿಷ್ಠಾ ಪಂಚಕಕ್ಕೆ ಹೆದರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಳಿ ಬಟ್ಟೆ ಬೇಡ. ಹೈಸ್ಕೂಲಿನವರಿಗೆ ಸಮವಸ್ತ್ರವೇ ಸಾಕು, ಅದೇ ಸರಿ ಕೂಡ. ಕಾಲೇಜಿನವರಾದರೆ ಹುಡುಗರಿಗೆ ಕಪ್ಪು ಸೂಟು, ಬಿಳಿ ಶರ್ಟು, ಕಪ್ಪು ಟೈ; ಹುಡುಗಿಯರಿಗೆ ಮಂಡಿ ಮುಚ್ಚುವ ಕಪ್ಪು ಉಡುಪು. ಬಳೆ, ಗೆಜ್ಜೆ, ಹೊಳೆಯುವ ಬಕಲ್ ಎಲ್ಲ ತೆಗೆದಿಡಿ. ಶೂ ಬಿಚ್ಚಬೇಕಾಗಬಹುದು, ಕಾಲುಚೀಲ ತೂತಿಲ್ಲದಿರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಮನೆಯವರ ಸಾಲಿನಲ್ಲಿದ್ದು ಅವರು ಬೇಡ ಎಂದರೆ ಅಲ್ಲಿಗೇ ಬಿಡಿ, ಒತ್ತಾಯಿಸಬೇಡಿ. ನೆರೆಮನೆಯವರ ಅಥವಾ ಗೆಳೆಯನ ಮನೆಯ ಸಾವಿಗೆ ಹೋಗುವುದಾದರೆ 'ಕೋಡೆನ್', ಅಂದರೆ ಸಾವಿನ ಮನೆಗೆ ಲಕೋಟೆಯಲ್ಲಿ ಕೊಡುವ ದುಡ್ಡು, ಕೊಡಬೇಕು. ವಿದ್ಯಾರ್ಥಿಗೆ 3000 ಯೆನ್ ಸಾಕು, ಹತ್ತಿರದವರಾದರೆ 5000. 4 ಮತ್ತು 9 ಬರುವ ಮೊತ್ತ ಬೇಡ: 4ರ ಉಚ್ಚಾರ ಸಾವು ಎಂಬಂತೆ, 9ರದು ಸಂಕಟ ಎಂಬಂತೆ ಕೇಳುತ್ತದೆ. ಗರಿಗರಿ ಹೊಸ ನೋಟು ಹಾಕಿದರೆ ಸಾವಿಗೆ ಮೊದಲೇ ತಯಾರಾಗಿದ್ದಂತೆ. ಹೊಸದೇ ಇದ್ದರೆ ಒಮ್ಮೆ ಮಡಚಿ ಬಿಡಿಸಿ ಹಾಕಿ. ಲಕೋಟೆ 100 ಯೆನ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಮೇಲಿನ ದಾರ ಕಪ್ಪು-ಬಿಳುಪಿನದು, ಕಾನ್ಸಾಯ್ (ಒಸಾಕಾ, ಕ್ಯೋಟೋ) ಕಡೆ ಹಳದಿ-ಬಿಳುಪಿನದೂ ಇರುತ್ತದೆ. ಕೆಂಪು-ಬಿಳುಪು ಮದುವೆಯದು, ಅವಸರದಲ್ಲಿ ಕೈ ತಪ್ಪುವುದು ಇಲ್ಲೇ. ಹಿಂಬದಿಯಲ್ಲಿ ಮೇಲಿನ ಮಡಿಕೆ ಕೆಳಗಿನದರ ಮೇಲೆ ಬರಬೇಕು. ಹೆಸರನ್ನು ತೆಳು ಮಸಿಯಲ್ಲಿ ಬರೆಯುತ್ತಾರೆ, ಕಣ್ಣೀರು ಬಿದ್ದು ಮಸಿ ತೆಳುವಾಯಿತು ಎಂಬ ಭಾವ. ಅದಕ್ಕೆಂದೇ ಪೆನ್ನು ಸಿಗುತ್ತದೆ.

ಕೊಡುವಾಗ ತಲೆಬಾಗಿ, ಮೆಲ್ಲನೆ 'ಗೊ-ಶೂಶೋ-ಸಾಮಾ ದೆಸು' ಅನ್ನಿ, ದುಃಖದಲ್ಲಿರುವವರಿಗೆ ಹೇಳುವ ಸಂತಾಪದ ಮಾತು ಅದು. ಕೊನೆಯ ಪದ ನುಂಗಿದಂತೆ ಕೇಳಿದರೂ ತಪ್ಪಿಲ್ಲ. ಸಾವು ಹೇಗಾಯಿತು ಎಂದು ಕೇಳಬೇಡಿ. ಅಪ್ಪಿಕೊಳ್ಳುವುದು, ಕಾಲು ಮುಟ್ಟುವುದು, ಫೋಟೋ ತೆಗೆಯುವುದು ಯಾವುದೂ ಬೇಡ.

ಎಲ್ಲರಿಗೂ ಅಳುಕಿರುವುದು ಧೂಪ ಹಾಕುವಾಗ. ಸರದಿ ಬಂದಾಗ ಮನೆಯವರಿಗೆ ಬಾಗಿ, ಮುಂದೆ ಹೋಗಿ, ತೀರಿಕೊಂಡವರ ಚಿತ್ರಕ್ಕೆ ಬಾಗಿ. ಎದುರಿಗೆ ಎರಡು ಪಾತ್ರೆ: ಒಂದರಲ್ಲಿ ಕಂದು ಬಣ್ಣದ ಪುಡಿ, ಇನ್ನೊಂದರಲ್ಲಿ ಬೂದಿಯ ನಡುವೆ ಕೆಂಡ. ಗಾಬರಿಯಲ್ಲಿ ಕೆಂಡದ ಪಾತ್ರೆಗೆ ಬೆರಳು ಹಾಕೀರಿ, ಹೊಗೆ ಏಳುತ್ತಿರುವುದು ಯಾವುದೆಂದು ಒಂದು ಕ್ಷಣ ನೋಡಿ. ಬಲಗೈಯ ಮೂರು ಬೆರಳಲ್ಲಿ ಒಂದು ಚಿಟಿಕೆ ಪುಡಿ ಎತ್ತಿ ಕೆಂಡದ ಮೇಲೆ ಉದುರಿಸಿ, ಕೈಮುಗಿದು, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಬಾಗಿ. ಚಿಟಿಕೆಯನ್ನು ಹಣೆಯ ಮಟ್ಟಕ್ಕೆ ಎತ್ತಬೇಕೋ, ಒಂದು ಸಲವೋ ಮೂರು ಸಲವೋ ಎಂಬುದು ಬೌದ್ಧ ಪಂಥದಿಂದ ಪಂಥಕ್ಕೆ ಬೇರೆ. ಜೋದೋ ಶಿನ್‌ಶೂದವರು ಎತ್ತುವುದಿಲ್ಲ. ನಿಮಗಿಂತ ಮೊದಲು ಹೋದವರನ್ನು ನೋಡಿ ಹಾಗೇ ಮಾಡಿ. ಊದುಬತ್ತಿಯಾದರೆ ಬಾಯಲ್ಲಿ ಊದಿ ಆರಿಸಬಾರದು, ಕೈ ಬೀಸಿ ಆರಿಸಿ.

ತ್ಸುಯಾ ನಂತರ ಊಟ ಇಡುತ್ತಾರೆ. ಸಸ್ಯಾಹಾರಿಗಳಿಗೆ ಸೌತೆಕಾಯಿಯ ಕಪ್ಪಾಮಕಿ ಎಂಬ ಸುಶಿ ಇದ್ದರೆ ಪುಣ್ಯ. ಇನಾರಿ ಎಂಬ ಇನ್ನೊಂದು ಸುಶಿಯ ತೋಫು ಹಾಳೆಯನ್ನು ಸಾಮಾನ್ಯವಾಗಿ ಮೀನಿನ ಸಾರಿನಲ್ಲೇ ಬೇಯಿಸಿರುತ್ತಾರೆ. ತಿನ್ನದಿದ್ದರೂ ಎದ್ದು ಹೋಗಬೇಡಿ, ಟೀ ಲೋಟ ಹಿಡಿದು ಕೂತಿರಿ.

ಚಿತಾಗಾರಕ್ಕೆ ಹೋಗುವವರು ಮನೆಯವರು ಮತ್ತು ತೀರಾ ಹತ್ತಿರದವರು. ನಿಮ್ಮನ್ನು ಕರೆದರೆ ಮನೆಯ ಮಗುವೆಂದು ಎಣಿಸಿದ್ದಾರೆ ಎಂದೇ ಅರ್ಥ. ದಹನ ಮುಗಿದ ಮೇಲೆ ಇಬ್ಬರಿಬ್ಬರಾಗಿ ಚಾಪ್‌ಸ್ಟಿಕ್ ಹಿಡಿದು ಒಂದೇ ಮೂಳೆಯನ್ನು ಒಟ್ಟಿಗೆ ಎತ್ತಿ ಕರಂಡಕ್ಕೆ ಹಾಕುತ್ತಾರೆ. ಕಾಲಿನಿಂದ ಶುರು, ತಲೆ ಕೊನೆಗೆ, ಒಳಗೆ ಅವರು ತಲೆಕೆಳಗಾಗಬಾರದಲ್ಲ. ಊಟದಲ್ಲಿ ಚಾಪ್‌ಸ್ಟಿಕ್‌ನಿಂದ ಚಾಪ್‌ಸ್ಟಿಕ್‌ಗೆ ತುಂಡು ದಾಟಿಸಬಾರದು ಎಂದು ಬೈಯುವುದು ಇದಕ್ಕೇ. ಅಸ್ಥಿ ಸಂಚಯನ ಕಂಡವರಿಗೂ ಇನ್ನೂ ಬಿಸಿಯಿರುವ ಬಿಳಿ ಮೂಳೆಯನ್ನು ಇಷ್ಟು ಹತ್ತಿರದಿಂದ ನೋಡುವುದು ಕಷ್ಟವಾಗಬಹುದು. ಆಗುವುದಿಲ್ಲ ಅನ್ನಿಸಿದರೆ ಕಾಯುವ ಕೋಣೆಯಲ್ಲೇ ಹೇಳಿಬಿಡಿ. ಒಳಗೆ ಹೋಗಿ ತಲೆಸುತ್ತಿ ಬೀಳುವುದಕ್ಕಿಂತ ಅದು ಮೇಲು.

ಪುಟ್ಟ ಉಪ್ಪಿನ ಪೊಟ್ಟಣ ಕೊಟ್ಟಿದ್ದರೆ ಮನೆಗೆ ಮರಳಿದಾಗ ಹೊಸಿಲು ದಾಟುವ ಮೊದಲು ಎದೆ, ಬೆನ್ನು, ಪಾದಕ್ಕೆ ಚಿಮುಕಿಸಿ. ನಮ್ಮ ತಲೆಸ್ನಾನದ ಜಾಗದಲ್ಲಿ ಅವರಿಗೆ ಈ ಉಪ್ಪು.

49ನೇ ದಿನದ ವಿಧಿಯ ತಾರೀಖು ಬರೆದಿಟ್ಟುಕೊಳ್ಳಿ, ಆ ದಿನ ಬೇರೆ ಕಾರ್ಯಕ್ರಮ ಬೇಡ. ಆ ವರ್ಷ ಮನೆಯವರು ಹೊಸ ವರ್ಷದ ಕಾರ್ಡ್ ಕಳಿಸುವುದಿಲ್ಲ. ಜನವರಿ 1ರ ಬೆಳಿಗ್ಗೆ ನೀವೂ 'ಅಕೆಮಾಶಿತೆ ಒಮೆದೆತೋ' (ಹೊಸ ವರ್ಷದ ಶುಭಾಶಯ) ಅನ್ನದೆ, 'ಕೊತೊಶಿ ಮೊ ಯೊರೊಶಿಕು' (ಈ ವರ್ಷವೂ ನಿಮ್ಮ ಪ್ರೀತಿ ಇರಲಿ) ಅಂದರೆ ಸಾಕು.